ಸಾರಕ್ಕಿಗೆ ಬಂದ ಹೊಸ ಕಾರ್ನರ್

ರೈಡರ್‌ನ ಕೈ ನಡುಗೆರೆ ಮುಟ್ಟುವುದಕ್ಕೆ ಇನ್ನೊಂದು ಗೇಣು ಇತ್ತು. ಗುರುಸಿದ್ದ ಹಿಂದಿನಿಂದ ಹಾರಿ ಅವನ ಹಿಮ್ಮಡಿ ಹಿಡಿದ. ರೈಡರ್ ಮಣ್ಣು ಮುಕ್ಕಿದ. ಸಾರಕ್ಕಿ ಮೈದಾನದ ಕಟ್ಟೆಯ ಮೇಲೆ ಕೂತು ಅಭ್ಯಾಸ ನೋಡುತ್ತಿದ್ದ ಜನವೆಲ್ಲ ಎದ್ದು ನಿಂತರು. ಕಿಟ್ಟಿ ಒಬ್ಬ ಏಳಲಿಲ್ಲ.

“ಸಖತ್ ಗುರು. ಇಂಥ ಕಾರ್ನರ್‌ನ ನಾನು ಹುಟ್ಟಿದ್ಮೇಲೆ ನೋಡಿಲ್ಲ,” ಅಂದ ಪಕ್ಕದಲ್ಲಿದ್ದ ಸೀನು.

ಸೀನು ಹುಟ್ಟಿದ ಮೇಲೆಯೇ ಹನ್ನೆರಡು ವರ್ಷ ಸಾರಕ್ಕಿ ಕಬಡ್ಡಿ ತಂಡದ ಕಾರ್ನರ್ ಆಗಿದ್ದವನು ಕಿಟ್ಟಿ. ಅಂಕಣದ ಮೂಲೆಯಲ್ಲಿ ನಿಂತು, ನುಗ್ಗಿ ಬಂದವರ ಕಾಲು ಹಿಡಿದು ಕೆಡವುವುದೇ ಅವನ ಕೆಲಸ. ಮಂಡಿ ಕೈಕೊಟ್ಟ ಮೇಲೆ ಹಗಲೆಲ್ಲ ಜಯನಗರದ ಪಾತ್ರೆ ಅಂಗಡಿ, ಸಂಜೆ ಈ ಕಟ್ಟೆ. ಆಟ ಬಿಟ್ಟು ಆರು ವರ್ಷ, ತೊಂಬತ್ತೇಳನೇ ಇಸವಿಯ ಹೊತ್ತಿಗೆ ಜನ ಅವನನ್ನು ಚೊಕ್ಕಟವಾಗಿ ಮರೆತಿದ್ದರು.

ಮೈದಾನದ ಪಕ್ಕ ಬೋಂಡಾ ಮಾರುವ ಮುನಿಯಕ್ಕ ಗಾಡಿಯಿಂದ ನಾಲ್ಕು ಬೋಂಡಾ ತಂದು ಗುರುಸಿದ್ದನ ಕೈಗಿಟ್ಟಳು. ದುಡ್ಡು ಬೇಡವೆಂದಳು. ಹನ್ನೆರಡು ವರ್ಷದಲ್ಲಿ ಅವಳು ಕಿಟ್ಟಿಗೆ ಪುಕ್ಕಟೆ ಕೊಟ್ಟದ್ದು ಬೈಗುಳ ಮಾತ್ರ. ಕಿಟ್ಟಿಯ ಹೊಟ್ಟೆ ಉರಿಯಿತು. ಬೋಂಡಾಕ್ಕಲ್ಲ, ಆ ಪ್ರೀತಿಗೆ.

ಹುಡುಗ ವಸಂತಪುರ ತಂಡದವನು, ಬಾಗಲಕೋಟೆ ಕಡೆಯಿಂದ ಬಂದು ಎರಡು ವರ್ಷವಾಗಿತ್ತು. ಅದಲುಬದಲಿನ ಮೇಲೆ ಅವನನ್ನು ತಂದವರು ಸಾರಕ್ಕಿ ತಂಡದ ಕಾರ್ಯದರ್ಶಿ ಗಂಗಾಧರಯ್ಯ. ಬದಲಿಗೆ ಏನು ಕೊಟ್ಟರು ಎಂಬುದೇ ಕಟ್ಟೆಯ ಚರ್ಚೆ.

“ನಮ್ಮ ರೈಡರ್ ಬೈರಣ್ಣನ್ನ ಕೊಟ್ಟಿರ್ತಾರೆ,” ಅಂದ ಸೀನು.

“ಇವನಿಗೋಸ್ಕರ ಇಡೀ ಟೀಮ್ ಕೊಟ್ರೂ ನಷ್ಟ ಇಲ್ಲ ಬಿಡು,” ಅಂದಳು ಮುನಿಯಕ್ಕ.

ಗಂಗಾಧರಯ್ಯ ಬಾಯಿ ಬಿಡಲಿಲ್ಲ. ಈ ಕಡೆಯ ತಂಡಗಳಲ್ಲಿ ಒಂದು ಕಟ್ಟಳೆ ಇತ್ತು. ಬಂದ ಆಟಗಾರ ಹೊಸ ತಂಡದ ಬನಿಯನ್ ತೊಟ್ಟು ಮೊದಲ ಪಂದ್ಯ ಆಡಿದರೆ ಮಾತ್ರ ಅದಲುಬದಲು ಪಕ್ಕಾ. ಅಲ್ಲಿಯವರೆಗೆ ಕೊಟ್ಟದ್ದರ ಸುದ್ದಿ ಎತ್ತುವಂತಿಲ್ಲ. ಆಡದೆ ಹೋದರೆ ಅವರದು ಅವರಿಗೆ, ಇವರದು ಇವರಿಗೆ.

ಮೊದಲ ಪಂದ್ಯ ಶನಿವಾರ, ಜೆ.ಪಿ. ನಗರದಲ್ಲಿ. ಅರವತ್ತು ಕೆ.ಜಿ. ಒಳಗಿನವರ ಟೂರ್ನಿ. ಗುರುಸಿದ್ದನ ತೂಕ ಐವತ್ತೊಂಬತ್ತೂವರೆ.

“ನಾಲ್ಕು ದಿನ ಇವನನ್ನ ನೀನೇ ನೋಡ್ಕೋ ಕಿಟ್ಟಿ. ತೂಕ ಮೀರಬಾರ್ದು,” ಅಂದರು ಗಂಗಾಧರಯ್ಯ. “ಹುಡುಗರನ್ನ ತಯಾರು ಮಾಡೋದು ನಿನ್ನ ಕೈಲಾಗತ್ತೆ. ಜನಕ್ಕೂ ಗೊತ್ತಾಗ್ಲಿ.”

“ನನ್ನ ಯಾರು ಕೇಳ್ತಾರೆ ಸಾರ್ ಈಗ.”

“ಶನಿವಾರ ಒಳ್ಳೆ ಶರ್ಟ್ ಹಾಕ್ಕೊಂಡು ಬಾ.”

ಹುಡುಗನಿಗೆ ಹಾರ ಹಾಕುವುದಕ್ಕೆ ತನ್ನನ್ನು ಕರೆಯುತ್ತಿದ್ದಾರೆ ಎಂದುಕೊಂಡ ಕಿಟ್ಟಿ. ತಾನು ಆಡುವಾಗ ಯಾರೂ ಒಂದು ಎಳೆ ಕನಕಾಂಬರವನ್ನೂ ಹಾಕಿರಲಿಲ್ಲ. ಇವನು ವಸಂತಪುರಕ್ಕೆ ವಾಪಸ್ ಹೋಗಬೇಕು ಎಂದು ಆ ಕ್ಷಣವೇ ತೀರ್ಮಾನಿಸಿದ.

ಮಾರನೆಯ ದಿನ ಹುಡುಗನನ್ನು ತಿಲಕ್ ನಗರದ ಹಳೇ ಪೇಪರ್ ಅಂಗಡಿಗೆ ಕರೆದುಕೊಂಡು ಹೋಗಿ ಅಲ್ಲಿನ ತೂಕದ ಯಂತ್ರದ ಮೇಲೆ ನಿಲ್ಲಿಸಿದ. ಪೇಪರ್ ಅಂಗಡಿಯ ತೂಕ ಯಾವತ್ತೂ ಕಮ್ಮಿಯೇ ತೋರಿಸುತ್ತದೆ ಎಂಬುದು ಜಯನಗರದ ಪ್ರತಿ ಗೃಹಿಣಿಗೂ ಗೊತ್ತು. ಎಂದೂ ಹಳೇ ಪೇಪರ್ ಮಾರದ ಗುರುಸಿದ್ದನಿಗೆ ಗೊತ್ತಿರಲಿಲ್ಲ.

“ಐವತ್ತೇಳೂವರೆ. ಸೊರಗಿದ್ದೀಯ ಮಗಾ,” ಅಂದ ಕಿಟ್ಟಿ. “ಎರಡೂವರೆ ಕೆ.ಜಿ.ಗೆ ಜಾಗ ಇದೆ. ತಿನ್ನು.”

ತಿನ್ನಿಸಿದ. ಬೆಳಿಗ್ಗೆ ಬೆಣ್ಣೆ ಮಸಾಲೆ, ಮಧ್ಯಾಹ್ನ ಮುದ್ದೆ, ಸಂಜೆ ಡಜನ್ ಬಾಳೆಹಣ್ಣು, ಮಲಗುವ ಮುಂಚೆ ಗಟ್ಟಿ ಹಾಲು. ಕಟ್ಟೆಯವರು ಕಿಟ್ಟಿಯ ದೊಡ್ಡ ಮನಸ್ಸನ್ನು ಹೊಗಳಿದರು. ಆರು ವರ್ಷದ ನಂತರ ಸಿಕ್ಕ ಹೊಗಳಿಕೆ. ಅದೂ ಆ ಹುಡುಗನ ದೆಸೆಯಿಂದ. ಕಿಟ್ಟಿಗೆ ಇನ್ನಷ್ಟು ಉರಿಯಿತು.

“ಸಾಕ್ರೀ ಅಣ್ಣಾರ,” ಅಂದ ಗುರುಸಿದ್ದ ಶುಕ್ರವಾರ. ಆಮೇಲೆ ಕಿಟ್ಟಿಯ ಮುಖ ನೋಡಿ ತಟ್ಟೆ ಎಳೆದುಕೊಂಡ. “ನೀವು ಕೊಟ್ಟದ್ದು ಒಲ್ಲೆ ಅನ್ನಾಕ ಆಗೂದಿಲ್ರಿ. ನಿಮ್ಮ ಹಿಮ್ಮಡಿ ಹಿಡಿತ ನೋಡೇ ನಾ ಕಲ್ತದ್ದು. ವಸಂತಪುರದ ಕ್ಲಬ್ಬಿನ್ಯಾಗ ನಿಮ್ಮ ಆಟದ ಕ್ಯಾಸೆಟ್ ಐತ್ರಿ, ದಿನಾ ಹಾಕ್ತಾರ.”

ಬೆಣ್ಣೆ ಹಚ್ಚುವುದರಲ್ಲೂ ಚಾಲಾಕಿ ಎಂದುಕೊಂಡ ಕಿಟ್ಟಿ. ಇನ್ನೊಂದು ಮುದ್ದೆ ಬಡಿಸಿದ.

ಶನಿವಾರ ಪಂದ್ಯಕ್ಕೆ ಮುಂಚೆ ತೂಕ ನೋಡಿದರು. ಅರವತ್ತು ಕೆ.ಜಿ., ಎಂಟುನೂರು ಗ್ರಾಂ. ಗುರುಸಿದ್ದ ಅಂಗಿ ಕಳಚಿ ನಿಂತ. ಮೈದಾನಕ್ಕೆ ಹತ್ತು ಸುತ್ತು ಓಡಿ ಬಂದು ಮತ್ತೆ ನಿಂತ. ಇನ್ನೂ ಮುನ್ನೂರು ಗ್ರಾಂ ಹೆಚ್ಚು. ಪಂಚಾಯಿತಿಗೆ ಹೊತ್ತಿರಲಿಲ್ಲ, ರೆಫರಿ ಹೆಸರು ಹೊಡೆದು ಹಾಕಿದ.

“ಯಾರೋ ತಿನ್ಸಿದ್ದು?” ಅಂದರು ಗಂಗಾಧರಯ್ಯ.

ಹುಡುಗ ಕಿಟ್ಟಿಯ ಕಡೆ ನೋಡಿದ. ಅವನಿಗೆ ಅರ್ಥವಾಗಿತ್ತು.

“ತಪ್ಪು ನಂದರೀ,” ಅಂದ. “ಅಣ್ಣಾರು ಬ್ಯಾಡಂದ್ರು. ನಾನ ಕದ್ದು ತಿಂದೆ.”

ಕಿಟ್ಟಿ ತಲೆ ತಗ್ಗಿಸಿದ. ಒಂದು ಗಳಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಪಂದ್ಯ ನೋಡಲು ಬಂದಿದ್ದ ಕಟ್ಟೆಯ ಜನ ಹುಡುಗನನ್ನು ಸುತ್ತುವರಿದು ಸಮಾಧಾನ ಮಾಡತೊಡಗಿದರು. ಮುನಿಯಕ್ಕ ಕಣ್ಣೊರೆಸಿಕೊಂಡಳು. ನಾಚಿಕೆ ಹೋಯಿತು.

ವಸಂತಪುರ ತಂಡದ ಅಧ್ಯಕ್ಷ ದುಂಡಪ್ಪ ಜರತಾರಿ ಶಾಲು, ಹಾರ ಹಿಡಿದು ಬಂದವನು ವಿಷಯ ಕೇಳಿ ಅಲ್ಲೇ ನಿಂತ. ಆಮೇಲೆ ಶಾಲು ಮಡಿಚಿ ಕಂಕುಳಲ್ಲಿಟ್ಟುಕೊಂಡ. ಕಿಟ್ಟಿಯನ್ನೇ ಒಮ್ಮೆ ದಿಟ್ಟಿಸಿದ. “ನಮ್ಮ ದೈವದಾಗ ಇಲ್ಲ ಬಿಡ್ರಿ,” ಅಂದು ಹುಡುಗನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟುಹೋದ.

ಹುಡುಗ ವಾಪಸ್ ಸಿಕ್ಕವನಿಗೆ ಇಷ್ಟು ದುಃಖ ಯಾಕೆ ಎಂದು ಕಿಟ್ಟಿ ಯೋಚಿಸಲಿಲ್ಲ. ಎದೆ ಹಗುರವಾಗಿತ್ತು. ಗಂಗಾಧರಯ್ಯನ ಪಕ್ಕ ಹೋಗಿ ಕೂತ.

“ಹೋಗ್ಲಿ ಬಿಡಿ ಸಾರ್. ನಾವು ಅವರಿಗೆ ಕೊಟ್ಟಿದ್ದು ನಮಗೆ ವಾಪಸ್ ಬಂತಲ್ಲ.”

“ಬಂತು,” ಅಂದರು ಗಂಗಾಧರಯ್ಯ. “ಅವರು ಕೋಚ್ ಮಾಡ್ಕೋತೀವಿ ಅಂತ ಕೈಮುಗಿದು ಕೇಳಿದ್ದು ನಿನ್ನನ್ನ, ಕಿಟ್ಟಿ.”