ಐದನೆಯ ಗುಂಡಿ

“ಅಂಗಿ ಇವರೇ ಹಾಕ್ಕೊಂಡಿರೋದು,” ಎಂದಳು ಮೇಲ್ವಿಚಾರಕಿ. “ಏಳು ದಿನವೂ ಇವರೇ. ನಾವ್ಯಾರೂ ಹೇಳಿಕೊಡಲಿಲ್ಲಮ್ಮ, ಮುಟ್ಟಲೂ ಇಲ್ಲ.”

ಗುಂಡಿಯಮ್ಮ ನಂಬಲಿಲ್ಲ. ಕಿಟಕಿಯ ಬಳಿ ನಿಂತಿದ್ದ ಮಗನ ಎದೆಯ ಮೇಲೆ ಕಣ್ಣಾಡಿಸಿದಳು. ಆರು ಗುಂಡಿ, ಆರೂ ಅದರದರ ಕಾಜಾದಲ್ಲೇ ಕೂತಿದ್ದವು. ಯಾರೋ ಆಯಾ ಹಾಕಿ ಕಳಿಸಿರುತ್ತಾಳೆ, ಸಹಿ ಬೀಳಲಿ ಎಂದು ಈಕೆ ಬೆಣ್ಣೆ ಹಚ್ಚುತ್ತಿದ್ದಾಳೆ ಎಂದುಕೊಂಡಳು. ಮೇಜಿನ ಮೇಲೆ ವಾರದ ಹಿಂದೆ ತಾನೇ ತುಂಬಿಸಿ ಕೊಟ್ಟಿದ್ದ ಫಾರಂ ಇತ್ತು. ‘ತಾವೇ ಬಟ್ಟೆ ಹಾಕಿಕೊಳ್ಳಬಲ್ಲರೇ?’ ಎಂಬುದರ ಮುಂದೆ ದಪ್ಪಕ್ಷರದಲ್ಲಿ ‘ಇಲ್ಲ’ ಎಂದಿತ್ತು.

ಮಗನಿಗೆ ನಲವತ್ತೊಂದು. ಬುದ್ಧಿ ಆರೇಳು ವರ್ಷದವರೆಗೆ ಬಂದು ಅಲ್ಲೇ ಕೂತುಬಿಟ್ಟಿತ್ತು. ತಲೆಯಲ್ಲಿ ನರೆ ಕಾಣಿಸಿದರೂ ಬೀದಿಗೆಲ್ಲ ಅವನು ಮರಿಯೇ. ದಿನಾ ಬೆಳಿಗ್ಗೆ ಅಂಗಿ ತೊಟ್ಟು, ಗದ್ದ ಎತ್ತಿ ಅಮ್ಮನ ಮುಂದೆ ನಿಲ್ಲುತ್ತಿದ್ದ. ಅವಳು ಅವನ ಮುಖ ನೋಡಿ ಏನಾದರೂ ಹರಟುತ್ತಾ ಮೇಲಿಂದ ಕೆಳಗೆ ಗುಂಡಿ ಹಾಕುತ್ತಿದ್ದಳು. ಅವಳ ಹೊಟ್ಟೆಪಾಡೂ ಗುಂಡಿಯೇ. ಮೂವತ್ತು ವರ್ಷ ದರ್ಜಿ ಅಂಗಡಿಯ ಮೂಲೆಯಲ್ಲಿ ಕೂತು ಊರವರ ಅಂಗಿಗಳಿಗೆ ಗುಂಡಿ ಹೊಲಿದವಳು, ಆ ಹೆಸರು ಬಂದದ್ದೂ ಅಲ್ಲಿಂದಲೇ. ಎರಡು ವರ್ಷದಿಂದ ಬೆರಳ ತುದಿಗಳು ಜೋಮು ಹಿಡಿದು, ಸೂಜಿ ಜಾರಿ ಬಿದ್ದರೂ ತಿಳಿಯುತ್ತಿರಲಿಲ್ಲ. “ಇನ್ನು ಮನೇಲಿ ಆರಾಮಾಗಿರಮ್ಮ” ಎಂದು ದರ್ಜಿ ನಯವಾಗಿ ಕೈ ತೊಳೆದುಕೊಂಡಿದ್ದ. ಅಂಗಡಿಯಲ್ಲಿ ಕೈಕೊಟ್ಟ ಬೆರಳು ಮಗನ ಅಂಗಿಯ ಮೇಲೆ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ. ಗುಂಡಿಗಳು ಸಲೀಸಾಗಿ ಸೇರುತ್ತಿದ್ದವು. “ಹೆತ್ತ ಮಗ ನೋಡಿ, ಬೆರಳಿಗೂ ಗೊತ್ತು” ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು.

ಹೋದ ತಿಂಗಳು ಅವಳು ಬಚ್ಚಲಲ್ಲಿ ಜಾರಿ ಬಿದ್ದಾಗ, ಮರಿ ಯಾರನ್ನೂ ಕರೆಯಲು ತೋಚದೆ ಸಂಜೆಯವರೆಗೆ ಅವಳ ಕೈ ಹಿಡಿದು ಕೂತಿದ್ದ. ಆ ಹೆದರಿಕೆಗೇ ಇಂಥವರನ್ನು ಇಟ್ಟು ನೋಡಿಕೊಳ್ಳುವ ಈ ವಸತಿಗೃಹದ ಮೆಟ್ಟಿಲು ಹತ್ತಿದ್ದು. ಏಳು ದಿನ ಇಟ್ಟು ನೋಡುವುದು, ಮನೆಯವರು ಆ ಕಡೆ ತಲೆ ಹಾಕುವಂತಿಲ್ಲ, ಎಂಟನೆಯ ದಿನ ಬಂದು ಇಲ್ಲೇ ಬಿಡುತ್ತೇವೆಂದು ಸಹಿ ಹಾಕಬೇಕು ಇಲ್ಲವೇ ಕರೆದುಕೊಂಡು ಹೋಗಬೇಕು. ಆ ಏಳು ದಿನವೂ ನಾದಿನಿ ಮನೆಗೆ ಬಂದು ಬಂದು, “ಸಾಕೋಕಾಗ್ದೋರು ಹೆರಬಾರ್ದು” ಎಂದು ಚುಚ್ಚಿ ಹೋಗಿದ್ದಳು. ಗುಂಡಿಯಮ್ಮನಿಗೆ ಸಾಕುಸಾಕಾಗಿತ್ತು. ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿ, ಇವತ್ತು ಚೀಲ ಹಿಡಿದೇ ಬಂದಿದ್ದಳು.

“ನಾನು ಮೊದಲಿದ್ದ ದೇಶದಲ್ಲಿ,” ಎಂದಳು ಮೇಲ್ವಿಚಾರಕಿ, “ಇಪ್ಪತ್ತು ತುಂಬಿದ್ರೆ ಇಂಥೋರಿಗೂ ಬೇರೆ ಮನೆ, ಅವರದೇ ಬೀಗದ ಕೈ. ಇಲ್ಲಿ ತಾಯಿ ಹೋದ ಮೇಲೆ ಯಾರೋ ತಂದು ಬಿಟ್ಟು ಹೋಗ್ತಾರೆ. ಆಗ ಅವರಿಗೆ ಎರಡೂ ಒಟ್ಟಿಗೆ ಹೋಗಿರುತ್ತೆ, ಅಮ್ಮನೂ, ಮನೇನೂ.”

“ಬೀಗದ ಕೈ ಊಟಕ್ಕೆ ಕರೆಯುತ್ತೇನಮ್ಮ?” ಎಂದಳು ಗುಂಡಿಯಮ್ಮ. ಜಗಳಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. “ಬಾರೋ ಮರಿ, ಹೋಗೋಣ.”

ಮರಿ ಬಂದ. ಬಂದವನೇ ಆರೂ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಗದ್ದ ಎತ್ತಿ ಅಮ್ಮನ ಮುಂದೆ ನಿಂತ.

“ನೋಡಿದ್ರಾ?” ಗುಂಡಿಯಮ್ಮನ ದನಿಗೆ ವಾರದಲ್ಲಿ ಮೊದಲ ಸಲ ಜೀವ ಬಂತು. “ನಾನೇ ಆಗ್ಬೇಕು ಇವನಿಗೆ.” ಮೊದಲನೆಯದು ಹಾಕಿದಳು, ಎರಡನೆಯದು ಹಾಕಿದಳು. ಎದುರಿಗಿದ್ದವಳಿಗೆ ಚೆನ್ನಾಗಿ ಕಾಣಲಿ ಎಂದು ಸ್ವಲ್ಪ ಓರೆಯಾಗಿ ನಿಂತು, ದಿನಾ ಮಗನ ಮುಖ ನೋಡುತ್ತಿದ್ದವಳು ಇಂದು ಗುಂಡಿಯನ್ನೇ ನೋಡಿದಳು. ಅವಳ ಬೆರಳು ಮೂರನೆಯದರ ಮೇಲೆ ಸುಮ್ಮನೆ ಜಾರುತ್ತಿತ್ತು. ಅಂಗಿಯ ಅಂಚಿನ ಒಳಗಿನಿಂದ ಮರಿಯ ಹೆಬ್ಬೆರಳು ಮೆಲ್ಲಗೆ ಬಂತು, ಗುಂಡಿಯನ್ನು ಕಾಜಾದೊಳಗೆ ತಳ್ಳಿತು, ಹಿಂದಕ್ಕೆ ಸರಿಯಿತು.

ಗುಂಡಿಯಮ್ಮ ಎರಡೂ ಕೈಗಳನ್ನು ಅಂಗಿಯಿಂದ ತೆಗೆದು ನಿಂತಳು. ನಾಲ್ಕನೆಯದೂ ತಾನಾಗಿ ಸೇರಿತು. ಮರಿ ಮಾತ್ರ ಏನೂ ಅರಿಯದವನಂತೆ ಸೂರು ನೋಡುತ್ತಿದ್ದ.

“ಯಾವಾಗಿಂದಲೋ ಹಿಂಗೆ?”

“ಅಮ್ಮಂಗೆ ಹೇಳ್ಬಾರ್ದು,” ಎಂದ ಮರಿ, ಸೂರಿನಿಂದ ಕಣ್ಣು ತೆಗೆಯದೆ.

ಅವಳಿಗೆ ನಾಚಿಕೆಯಾಯಿತು, ಹೆಮ್ಮೆಯಾಯಿತು.

“ಇಲ್ಲಪ್ಪ, ಹೇಳಲ್ಲ ಬಿಡು,” ಎಂದಳು. ಆಮೇಲೆ ಮೇಲ್ವಿಚಾರಕಿಯ ಕಡೆ ತಿರುಗದೆಯೇ, “ಫಾರಂನಲ್ಲಿರೋ ಆ ‘ಇಲ್ಲ’ ಹೊಡೆದುಹಾಕಿ. ಸಹಿ ಹಾಕ್ತೀನಿ. ಭಾನುವಾರ ಮಾತ್ರ ಬೆಳಿಗ್ಗೆ ಬೇಗ ಬರ್ತೀನಿ, ಅವತ್ತು ಇವನ ಅಂಗಿ ನಂದು,” ಎಂದಳು.

ಇನ್ನೂ ಎರಡು ಗುಂಡಿ ಉಳಿದಿದ್ದವು. ಗುಂಡಿಯಮ್ಮ ಐದನೆಯದರ ಮೇಲೆ ಬೆರಳಿಟ್ಟು, ತಾನೂ ಸೂರು ನೋಡುತ್ತಾ ಕಾದಳು.