ಹತ್ತು ಯೂನಿಟ್ ಉಸಿರು

ಚಹಾ ಆರುವಷ್ಟರಲ್ಲಿ ಓದಿ ಮುಗಿಯುತ್ತದೆ... ಆದರೆ ಮನಸ್ಸಿನಿಂದ ಅಷ್ಟು ಬೇಗ ಹೋಗುವುದಿಲ್ಲ.

ದಾವಣಗೆರೆಯ ದಾಕ್ಷಾಯಣಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವರು.

ಪ್ರತಿ ವರ್ಷ ಹುಡುಗಿಯರನ್ನು ಸಮುದ್ರ ನೋಡಲು ಕಾರವಾರಕ್ಕೆ ಕಳಿಸುತ್ತಿದ್ದರು. ತಾವು ಮಾತ್ರ ಒಮ್ಮೆಯೂ ಹೋಗಲಿಲ್ಲ... ಟೂರಿಗೆ ಹೋಗಲಾಗದ ನಾಲ್ಕೈದು ಮಕ್ಕಳು ಹಾಸ್ಟೆಲಿನಲ್ಲೇ ಉಳಿಯುತ್ತಿದ್ದರಲ್ಲ, ಅವರ ಜೊತೆ ಯಾರಾದರೂ ಇರಬೇಕಿತ್ತು.

ನಿವೃತ್ತಿಯಾದ ಮೇಲೆ ಹೋದರಾಯಿತು ಅಂದುಕೊಂಡರು. ಅಷ್ಟರಲ್ಲಿ ಶ್ವಾಸಕೋಶದ ಕಾಯಿಲೆ ಬಂತು.

ಮೂಗಿಗೆ ಪೈಪ್... ಪಕ್ಕದಲ್ಲಿ ಗುಂಯ್ ಎನ್ನುವ ಆಕ್ಸಿಜನ್ ಮಷೀನ್. ಅದಕ್ಕೆ ಸದಾ ಕರೆಂಟ್ ಬೇಕು. ಎರಡು ವರ್ಷ ಆಸ್ಪತ್ರೆಗೆ ಬಿಟ್ಟರೆ ಎಲ್ಲಿಗೂ ಹೊಸ್ತಿಲು ದಾಟಲಿಲ್ಲ.

ಗಂಡ ಮುರಿಗೆಪ್ಪ ಟೆಂಪೋ ಟ್ರಾವೆಲರ್ ಓಡಿಸಿ ಸಂಸಾರ ಸಾಗಿಸಿದವರು. ಒಂದು ದಿನ ಡಾಕ್ಟರನ್ನು ಕೇಳಿಯೇಬಿಟ್ಟರು.

"ಬೆಟ್ಟದ ಊರು ಬೇಡ. ಸಮುದ್ರಕ್ಕಾದರೆ ಹೋಗಬಹುದು. ಆದರೆ ಮಷೀನ್ ಮಾತ್ರ ನಿಲ್ಲಬಾರದು" ಎಂದರು ಡಾಕ್ಟರ್.

ಅಷ್ಟೇ ಸಾಕಾಯಿತು! ಮುರಿಗೆಪ್ಪ ಗಾಡಿಯ ಸೀಟುಗಳನ್ನು ಕಿತ್ತು ಮಂಚ ಹಾಕಿಸಿದರು. ಆಸ್ಪತ್ರೆಗೆ ಹೋಗುವಾಗ ಬಳಸುವ, ಕೆಲವೇ ಗಂಟೆ ಬರುವ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡು, ಹೆಂಡತಿಯನ್ನು ಹುಬ್ಬಳ್ಳಿಯ ಬ್ಯಾಟರಿ ಅಂಗಡಿಗೆ ಕರೆದೊಯ್ದರು.

"ಗಾಡ್ಯಾಗ ಏನೇನು ನಡಸ್ಬೇಕ್ರೀ?" ಅಂಗಡಿಯ ಇಮ್ತಿಯಾಜ್ ಕೇಳಿದರು.

"ಎಸಿ, ಟಿವಿ, ಫ್ರಿಜ್ಜು... ಇವಳಿಗೆ ಏನೂ ಕಮ್ಮಿ ಆಗಬಾರದು. ಇರೋದ್ರಾಗೆ ದೊಡ್ಡ ಬ್ಯಾಟರಿ ಕೊಡ್ರಿ."

ದಾಕ್ಷಾಯಣಮ್ಮ ನಕ್ಕರು. "ಸಮುದ್ರದ ಗಾಳಿಗೆ ಹೋಗೋರು ಕಿಟಕಿ ಹಾಕ್ಕೊಂಡು ಎಸಿ ಹಚ್ತಾರೇನ್ರಿ? ನನ್ನ ಮಷೀನು, ಒಂದು ಫ್ಯಾನು, ಒಂದು ದೀಪ. ಅಷ್ಟೇ."

ಆಮೇಲೆ ಅಕ್ಕಿ ಅಳೆದ ಹಾಗೆ ಲೆಕ್ಕ ಹೇಳಿದರು...

"ಮಷೀನು ಮೂರು ಗಂಟೆಗೆ ಒಂದು ಯೂನಿಟ್ ತಿಂತೈತೆ. ಒಂದು ರಾತ್ರಿಗೆ ನಾಲ್ಕು. ರೋಡೇನು ನಮ್ಮಪ್ಪಂದಲ್ಲ, ಎಲ್ಲಾದ್ರೂ ಸಿಕ್ಕೊಂಡ್ರೆ ಅಂತ ಇನ್ನೊಂದು ನಾಲ್ಕು."

"ಎಂಟಾತು," ಇಮ್ತಿಯಾಜ್ ತಲೆಯಾಡಿಸಿದರು. "ಹೊಸ ಲೀಥಿಯಂ ಬ್ಯಾಟರಿ ಆದ್ರೂ ಪೂರ್ತಿ ಖಾಲಿ ಮಾಡಬಾರ್ದ್ರೀ, ತಳದಾಗ ಎರಡು ಬಿಡ್ರಿ. ಹತ್ತು ಯೂನಿಟ್ ಸಾಕು. ಹಳೇ ನಮೂನಿ ಬ್ಯಾಟರಿ ಹಾಕಿದ್ರ ಅರ್ಧಾನ ಬಳಸ್ಬೇಕು, ಎರಡರಷ್ಟು ದೊಡ್ಡದು ಬೇಕಾಗತೈತಿ, ಅದರ ಭಾರಕ್ಕ ಗಾಡಿ ಕುಂತ ಬಿಡತೈತಿ."

ಮುಂದಿನ ವಾರ ಹೊರಟರು. ಅಂಕೋಲಾ ಕಡೆಗೆ ಘಟ್ಟ ಇಳಿಯುವಾಗ ಮಧ್ಯಾಹ್ನ... ಮುಂದೆ ಕಂಟೇನರ್ ಲಾರಿಯೊಂದು ಅಡ್ಡಬಿದ್ದು ರಸ್ತೆ ಬಂದ್!

ಹಿಂದೆ ಮುಂದೆ ಗಾಡಿಗಳ ಸಾಲು. ಸಂಜೆಯಾದರೂ ಯಾರೂ ಅಲುಗಲಿಲ್ಲ. ಮುರಿಗೆಪ್ಪನವರ ಕಣ್ಣು ಬ್ಯಾಟರಿ ಮೀಟರ್ ಬಿಟ್ಟು ಕದಲಲಿಲ್ಲ.

ಆಗ ಬಾಗಿಲು ಬಡಿದ ಸದ್ದು. ಹಿಂದಿನ ಬಸ್ಸಿನ ಹೆಣ್ಣುಮಗಳು... ಕಂಕುಳಲ್ಲಿ ಏದುಸಿರು ಬಿಡುವ ಮಗು.

"ಅಣ್ಣಾರ, ಕೂಸಿಗೆ ದಮ್ಮು ಹತ್ತೈತ್ರೀ. ನೆಬ್ಯುಲೈಸರ್ ಐತಿ, ಔಷಧ ಐತಿ... ಕರೆಂಟ್ ಇಲ್ರೀ. ನಿಮ್ಮ ಗಾಡ್ಯಾಗ ಫ್ಯಾನ್ ತಿರುಗೂದು ಕಂಡು ಓಡಿ ಬಂದೆ."

ಮುರಿಗೆಪ್ಪನವರ ಕೈ ಬಾಗಿಲಿನಲ್ಲೇ ನಿಂತಿತು. "ತಂಗೀ... ನನ್ನ ಹೆಂಡ್ತಿ ಉಸಿರಾಡ್ತಿರೋದೇ ಆ ಬ್ಯಾಟರಿಯಿಂದ. ರೋಡು ಯಾವಾಗ ಬಿಡ್ತಾರೋ ಏನೋ..."

"ಒಳಗೆ ಕರೀರಿ," ಮಂಚದಿಂದ ದನಿ ಬಂತು.

"ನಿನಗೆ ಸಾಲದೇ ಹೋದ್ರೆ?"

"ಇಲ್ಲೀವರೆಗೆ ಎರಡು ಖರ್ಚಾಗೈತೆ. ಬೆಳಗಿನವರೆಗೆ ಇಲ್ಲೇ ನಿಂತ್ರೂ ಫ್ಯಾನು, ದೀಪ ಸೇರಿ ನನಗೆ ಐದು ಸಾಕು. ಆ ಪುಟ್ಟ ಮಷೀನಿಗೆ ಬೇಕಾಗಿರೋದು ಒಂದು ಗುಟುಕು ಕರೆಂಟು. ಬಾ ತಾಯಿ, ಕೂಸನ್ನ ಇಲ್ಲಿ ಕೊಡು."

ಮಗು ಅವರ ಮಡಿಲಲ್ಲೇ ಔಷಧದ ಹಬೆ ಎಳೆದುಕೊಂಡಿತು... ಇಬ್ಬರ ಮೂಗಿಗೂ ಪೈಪು! ಸ್ವಲ್ಪ ಹೊತ್ತಿಗೆ ಮಗುವಿನ ಎದೆಯ ಸುಂಯ್ ಸದ್ದು ಇಳಿಯಿತು. ತಾಯಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಸುದ್ದಿ ಹಬ್ಬಿತು. ಮನೆಗೆ ಫೋನ್ ಮಾಡಬೇಕಾದವರು ಬಂದರು, ಅವರಿಗೆ ಚಾರ್ಜಿಂಗ್ ಸಿಕ್ಕಿತು. ಒಬ್ಬ ಕ್ರಿಕೆಟ್ ಮ್ಯಾಚ್ ನೋಡಲು ಲ್ಯಾಪ್‌ಟಾಪ್ ತಂದ... ವಾರ್ಡನ್ ಅಮ್ಮ ಒಂದೇ ನೋಟಕ್ಕೆ ವಾಪಸ್ ಕಳಿಸಿದರು!

ಕತ್ತಲಾಗುವ ಮೊದಲು ರಸ್ತೆ ತೆರೆಯಿತು.

ಮರುದಿನ ಬೆಳಿಗ್ಗೆ, ಕಾರವಾರದ ಕಡಲ ತೀರ. ಮುರಿಗೆಪ್ಪ ಗಾಡಿಯನ್ನು ಮರಳಿನ ಅಂಚಿಗೆ ತಂದು, ಉದ್ದನೆಯ ಪೈಪ್ ಎಳೆದು, ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿದರು.

ದಾಕ್ಷಾಯಣಮ್ಮ ಅಲೆಗಳನ್ನೇ ನೋಡುತ್ತಾ ಕೂತರು. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು.

"ಸಮುದ್ರ ನೋಡಿ ಖುಷಿ ಆಯ್ತಾ?" ಮುರಿಗೆಪ್ಪ ಮೆಲ್ಲಗೆ ಕೇಳಿದರು.

"ಆಯ್ತು. ಆದರೆ ನೆನ್ನೆ ಇದಕ್ಕಿಂತ ಖುಷಿ ಆಗಿತ್ತು ಕಣ್ರೀ..."

ಒಂದು ಉಸಿರು ತೆಗೆದುಕೊಂಡು ಹೇಳಿದರು: "ಎರಡು ವರ್ಷದಿಂದ ಎಲ್ಲರ ಕೈಯಿಂದ ಬರೀ ತಗೊಂಡಿದ್ದೇ ತಗೊಂಡಿದ್ದು. ನಾನು ಇನ್ನೂ ಒಬ್ಬರಿಗೆ ಕೊಡಬಲ್ಲೆ ಅನ್ನೋದೇ ಮರೆತುಹೋಗಿತ್ತು..."

ಮುರಿಗೆಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಅಷ್ಟು ದಿನ ಅವರು ಒಬ್ಬ ರೋಗಿಯನ್ನು ಕಾಯುತ್ತಿದ್ದರು... ಅಂದು ತಮ್ಮ ಹೆಂಡತಿಯನ್ನು ಮತ್ತೆ ಕಂಡರು.

ತನಗೆ ಎಷ್ಟು ಬೇಕೆಂದು ತಿಳಿದವರ ಕೈ, ಕೊಡುವಾಗ ನಡುಗುವುದಿಲ್ಲ.

ನಮಗೆ ಎಷ್ಟು ಸಾಕು ಎಂದು ನಾವು ಯಾವತ್ತಾದರೂ ಲೆಕ್ಕ ಹಾಕಿದ್ದೇವೆಯೇ?