ಕಲಬುರಗಿಯಲ್ಲಿ ಉಳಿದ ತುಣುಕು

ಸಾಯಬಮ್ಮ ಬೆಳಿಗ್ಗೆ ರಂಗಂಪೇಟೆಯ ಮನೆಯಲ್ಲಿ ತೀರಿಕೊಂಡಳು. ಮಧ್ಯಾಹ್ನ ಆಕೆಯನ್ನು ಕುಣಿಯಲ್ಲಿ ಮಲಗಿಸಿದ ಮೇಲೆ ಗಂಡ ಗುರಣ್ಣ ಮಣ್ಣು ಹಾಕಲು ಒಪ್ಪಲಿಲ್ಲ. ಅಂಡಾಶಯದ ಕ್ಯಾನ್ಸರಿಗೆ ಹೊಸ ಔಷಧ ಹುಡುಕುತ್ತಿದ್ದ ಕಲಬುರಗಿಯ ಡಾಕ್ಟರಮ್ಮ ಆಕೆಯ ಗಡ್ಡೆಯ ಒಂದು ತುಣುಕನ್ನು ಸಂಶೋಧನೆಗೆಂದು ಇಟ್ಟುಕೊಂಡಿದ್ದರು. ಮೈ ಪೂರ್ತಿ ಮಣ್ಣು ಸೇರದೆ ಜೀವಕ್ಕೆ ನೆಲೆಯಿಲ್ಲವೆಂಬುದು ಅವನ ನಂಬಿಕೆ.

“ಅಣ್ಣಾ, ಆಕಿನ್ನ ತಿಂದ ಗಡ್ಡಿನ್ನ ಬಸ್ಸಿನಾಗ ತರಿಸ್ತಿಯೇನು?” ತಮ್ಮ ಅಯ್ಯಪ್ಪ ಬೇಸತ್ತು ಕೇಳಿದ.

“ಆಕಿ ಮೈಯಾಗಿಂದಲ್ಲೇನು ಅದು?” ಎನ್ನುತ್ತ ಗುರಣ್ಣ ಫೋನು ಹಚ್ಚಿದ. “ಅವ್ವಾರ, ಸಾಯಬಮ್ಮ ಹೋದಳ್ರಿ. ಆಕಿ ತುಣುಕು ಕೊಟ್ಟುಬಿಡ್ರಿ.”

ಡಾಕ್ಟರಮ್ಮ ಆ ಕಡೆಯಿಂದ ಹೇಳಿದರು, “ಕೊಡ್ತೀನ್ರಿ ಕಾಕಾರ. ಆದ್ರ ಅದು ಇಲ್ಲಿ ಗಾಜಿನ ಬಟ್ಟಲದಾಗ ಇನ್ನೂ ಜೀವಂತ ಅದ. ಬ್ಯಾರೆ ಹೆಣ್ಮಕ್ಕಳಿಗೆ ಯಾವ ಔಷಧ ಹತ್ತತದ ಅಂತ ಅದರ ಮ್ಯಾಲೇ ನೋಡಾಕತ್ತೀವಿ.”

ಗುರಣ್ಣ ಕುಣಿಯತ್ತ ನೋಡಿದ.

“ಜೀವ ಇದ್ದದ್ದನ್ನ ಹ್ಯಾಂಗ ಹೂಳೂದ್ರಿ? ಅಲ್ಲೇ ಇರ್ಲಿ.”

ಅವನು ಬಗ್ಗಿ ಮೊದಲ ಹಿಡಿ ಮಣ್ಣು ಹಾಕಿ ಕೈಮುಗಿದ. “ಶಿವನೇ, ಬಾಳ ದಣದಾಳ. ಬಂದಷ್ಟಕ್ಕ ಶಾಂತಿ ಕೊಡಪ್ಪಾ. ಉಳದದ್ದು ಕೆಲಸ ಮುಗಿಸಿ ಬರ್ತದ.”